ಹಿರಿಯರ ನಡಿಗೆಗೆ ಬೀದಿ ಎಲ್ಲಿ ಅಡ್ಡ ಬರುತ್ತದೆ? ಸೆನ್ಸರ್ ಹೇಳುವುದೆಷ್ಟು?

ಪ್ರಶ್ನೆ: ನಮ್ಮದು ಬೆಂಗಳೂರಿನ ಹಳೆಯ ಬಡಾವಣೆ, ನಿವೃತ್ತರೇ ಹೆಚ್ಚು. ನನ್ನ ತಾಯಿಗೆ 76 ವರ್ಷ. ಈಚಿನವರೆಗೂ ಪಾರ್ಕಿಗೆ, ದೇವಸ್ಥಾನಕ್ಕೆ, ತರಕಾರಿಗೆ ನಡೆದೇ ಹೋಗುತ್ತಿದ್ದರು. ಈಗ ಗೇಟು ದಾಟುವುದೇ ಅಪರೂಪ. ಕೇಳಿದರೆ ‘ಯಾಕೋ ಧೈರ್ಯ ಸಾಲದು’ ಎನ್ನುತ್ತಾರೆ. ಹಿರಿಯರ ಮೈಮೇಲೆ ಸೆನ್ಸರ್ ತೊಡಿಸಿ, ಬೀದಿಯ ಯಾವ ಜಾಗ ಅವರಿಗೆ ಕಷ್ಟ ಕೊಡುತ್ತದೆ ಎಂದು ನಕ್ಷೆ ಮಾಡಬಹುದೆಂದು ಓದಿದೆ. ನಮ್ಮ ಕ್ಷೇಮಾಭಿವೃದ್ಧಿ ಸಂಘದ ಹಣದಲ್ಲಿ ಇಪ್ಪತ್ತು ಸ್ಮಾರ್ಟ್ ವಾಚ್ ಕೊಂಡು ಇದನ್ನು ಮಾಡೋಣವೆಂಬ ಮಾತು ನಡೆದಿದೆ. ಪ್ರಯೋಜನ ಇದೆಯೇ?

ಉತ್ತರ: ನೀವು ಓದಿದ್ದು ನಿಜ, ಆದರೂ ವಾಚುಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ ವಾಚು ತೊಟ್ಟವರ ಬಗ್ಗೆ ಮಾತನಾಡುತ್ತದೆ: ಇಂದು ಎಷ್ಟು ಹೆಜ್ಜೆ, ಎಷ್ಟು ನಿದ್ದೆ, ಎಷ್ಟು ‘ಒತ್ತಡ’. ಆ ಒತ್ತಡದ ಅಂಕವನ್ನು ಯಾವ ಸೂತ್ರದಿಂದ ತೆಗೆದರು ಎಂಬುದನ್ನು ಕಂಪನಿ ಸಾಮಾನ್ಯವಾಗಿ ಹೇಳುವುದಿಲ್ಲ. ನಿಮಗೆ ಬೇಕಾಗಿರುವುದು ಜಾಗದ ಸುದ್ದಿ. ಅಡ್ಡರಸ್ತೆಯ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಚಪ್ಪಡಿಯ ಮೇಲೆ, ಒಬ್ಬರಲ್ಲ, ಹತ್ತು ಜನ ಹಿರಿಯರ ಹೆಜ್ಜೆ ತಡವರಿಸುತ್ತದೆಯೇ? ಈ ಪ್ರಶ್ನೆಗೆ ದಿನದ ಕೊನೆಗೆ ಬರುವ ಅಂಕ ಉತ್ತರವಾಗದು. ಸೆಕೆಂಡಿಗೆ ಹತ್ತಾರು ಸಲ ದಾಖಲಾಗುವ ಕಚ್ಚಾ ಸಂಕೇತ ಬೇಕು, ಅದು ಎಲ್ಲಿ ಹುಟ್ಟಿತು ಎಂಬ ಗುರುತೂ ಬೇಕು.

ಈ ವಿಚಾರ ತೀರಾ ಹೊಸದಲ್ಲ. 2004ರಲ್ಲಿ ಕ್ರಿಶ್ಚಿಯನ್ ನೋಲ್ಡ್ ಎಂಬ ಕಲಾವಿದ ‘ಬಯೋ ಮ್ಯಾಪಿಂಗ್’ ಎಂಬ ಪ್ರಯೋಗ ಆರಂಭಿಸಿದರು. ಬೆರಳಿಗೆ ಚರ್ಮದ ವಿದ್ಯುತ್ ವಾಹಕತೆ ಅಳೆಯುವ ಪಟ್ಟಿ, ಜೊತೆಗೆ ಜಿಪಿಎಸ್. ಇಷ್ಟನ್ನು ಹೊತ್ತು ಲಂಡನ್ನಿನ ಗ್ರಿನಿಚ್ ಪ್ರದೇಶದ ನಿವಾಸಿಗಳು ತಮ್ಮ ಬೀದಿಗಳಲ್ಲಿ ಸುತ್ತಾಡಿ ಬಂದರು. ಎಲ್ಲಿ ಮೈ ಉದ್ವೇಗಗೊಂಡಿತ್ತೋ ಅಲ್ಲಿ ನಕ್ಷೆಯ ಮೇಲೆ ಏರು. ಆ ನಕ್ಷೆಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಏರುಗಳಲ್ಲ, ಅವುಗಳ ಪಕ್ಕದಲ್ಲಿ ನಡೆದವರು ಬರೆದ ಟಿಪ್ಪಣಿಗಳು. ಇಲ್ಲಿ ರಸ್ತೆ ದಾಟಿದೆ, ಇಲ್ಲಿ ಹಳೆಯ ಪರಿಚಿತರು ಸಿಕ್ಕರು. ಆ ಟಿಪ್ಪಣಿ ಇಲ್ಲದಿದ್ದರೆ ಎರಡೂ ಏರುಗಳು ಒಂದೇ ಎತ್ತರದ ಎರಡು ಗೀಟುಗಳಷ್ಟೇ.

ಆಮೇಲೆ ಇದನ್ನು ಎಂಜಿನಿಯರುಗಳು ಕೈಗೆತ್ತಿಕೊಂಡರು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ, ಮಿಷಿಗನ್ ಮೊದಲಾದ ವಿಶ್ವವಿದ್ಯಾಲಯಗಳ ಸಂಶೋಧಕರು ಕೈಪಟ್ಟಿಯ ಸಂಕೇತಗಳನ್ನು ಅನೇಕ ಪಾದಚಾರಿಗಳಿಂದ ಸಂಗ್ರಹಿಸಿ, ಎಲ್ಲರ ದಾಖಲೆಯಲ್ಲೂ ಒಂದೇ ಜಾಗದಲ್ಲಿ ಕಾಣುವ ಏರುಪೇರನ್ನು ಹುಡುಕುವ ದಾರಿ ಹಿಡಿದರು. ತರ್ಕ ಸರಳ. ಒಬ್ಬರಿಗೆ ಒಂದು ಕಡೆ ಎದೆ ಹೊಡೆದುಕೊಂಡರೆ ಅದಕ್ಕೆ ಸಾವಿರ ಕಾರಣ ಇರಬಹುದು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹೋದವರಿಗೆಲ್ಲ ಅದೇ ಮೂಲೆಯಲ್ಲಿ ಹಾಗೆ ಆದರೆ ಕಾರಣ ಮೂಲೆಯಲ್ಲಿದೆ. ಹೋಲಿಕೆಯೂ ಆಯಾ ವ್ಯಕ್ತಿಯ ಸ್ವಂತ ನಡಿಗೆಯೊಡನೆಯೇ ನಡೆಯಬೇಕು. ಮಂಡಿ ನೋವಿರುವ ಒಬ್ಬರನ್ನು ದಿನಾ ಯೋಗ ಮಾಡುವ ಇನ್ನೊಬ್ಬರ ಪಕ್ಕ ಇಟ್ಟು ಅಳೆದರೆ ಬೀದಿ ಮರೆಯಾಗಿ ಮಂಡಿ ಮಾತ್ರ ಕಾಣಿಸುತ್ತದೆ. ಸಮತಟ್ಟಾದ, ಗದ್ದಲವಿಲ್ಲದ ಜಾಗದಲ್ಲಿ ಅವರು ಹೇಗೆ ನಡೆಯುತ್ತಾರೆ, ಈ ಚಪ್ಪಡಿಯ ಮೇಲೆ ಹೇಗೆ ನಡೆಯುತ್ತಾರೆ ಎಂಬ ವ್ಯತ್ಯಾಸವೇ ಬೀದಿಯ ಪಾಲು.

ಮೈಯಿಂದ ಎರಡು ಬಗೆಯ ಸಂಕೇತ ತೆಗೆಯಬಹುದು. ಒಂದು ಚರ್ಮ ಮತ್ತು ನಾಡಿಯದು, ಇನ್ನೊಂದು ನಡಿಗೆಯದು. ನಿಮ್ಮ ಬಡಾವಣೆಯ ಮಟ್ಟಿಗೆ ಮೊದಲನೆಯದನ್ನು ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಬೆವರು ಗ್ರಂಥಿಗಳನ್ನು ನಡೆಸುವುದು ನಮ್ಮ ಹತೋಟಿಯಲ್ಲಿಲ್ಲದ ನರವ್ಯೂಹ. ಬೆಚ್ಚಿದಾಗ, ಎಚ್ಚರಗೊಂಡಾಗ ಅವು ಸಣ್ಣಗೆ ಒಸರುತ್ತವೆ, ಚರ್ಮದ ವಾಹಕತೆ ಏರುತ್ತದೆ. ಪ್ರಯೋಗಾಲಯದ ತಂಪು ಕೋಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ನಡೆಯುವವರ ಮಣಿಕಟ್ಟಿನಲ್ಲಿ ಭಯದ ಬೆವರನ್ನೂ ಸೆಕೆಯ ಬೆವರನ್ನೂ ಬೇರ್ಪಡಿಸುವುದು ಬಹಳ ಕಷ್ಟ. ಮಂಗಳೂರಿನ ಕಡೆಯವರಾದರೆ ಆ ಮಾತೇ ಬೇಡ. ವಯಸ್ಸಾದಂತೆ ಈ ಪ್ರತಿಕ್ರಿಯೆ ತಾನಾಗಿಯೇ ಕುಗ್ಗುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಗಾಬರಿಯಲ್ಲೂ ಅಷ್ಟಾಗಿ ಏರುವುದಿಲ್ಲ, ಹೃದಯದ ಲಯವೇ ತಪ್ಪಿರುವವರಲ್ಲಿ ನಾಡಿಯ ಏರಿಳಿತದಿಂದ ಒತ್ತಡ ಲೆಕ್ಕ ಹಾಕುವುದು ಅರ್ಥಹೀನ. ಸಾಲದೆಂಬಂತೆ, ಚರ್ಮದ ಪ್ರತಿಕ್ರಿಯೆ ಕಾರಣ ಎದುರಾದ 1ರಿಂದ 3 ಸೆಕೆಂಡ್ ತಡವಾಗಿ ಬರುತ್ತದೆ. ಸೆಕೆಂಡಿಗೆ 1 ಮೀಟರ್ ನಡೆಯುವವರ ವಿಷಯದಲ್ಲಿ ನಕ್ಷೆಯ ಗುರುತು ತೊಡಕಿನ ಜಾಗವನ್ನು ದಾಟಿ, ಪಕ್ಕದ ಮನೆಯ ಗೇಟಿನ ಮುಂದೆ ಬೀಳಬಹುದು.

ನಡಿಗೆಯ ಸಂಕೇತ ಹೆಚ್ಚು ನಂಬಿಕಸ್ಥ. ನಡಿಗೆಗೆ ಲಯ ಇದೆ. ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ಇಡುತ್ತಾರೆ. ಸೊಂಟದ ಹಿಂಭಾಗದಲ್ಲಿ, ದೇಹದ ಭಾರಕೇಂದ್ರದ ಹತ್ತಿರ, ಒಂದು ಆಕ್ಸಿಲರೋಮೀಟರ್ (ಚಲನೆಯ ವೇಗದ ಏರುಪೇರು ಅಳೆಯುವ ಉಪಕರಣ) ಮತ್ತು ಜೈರೋಸ್ಕೋಪ್ (ತಿರುಗುವುದನ್ನು, ವಾಲುವುದನ್ನು ಅಳೆಯುವ ಉಪಕರಣ) ಬಿಗಿಯಾಗಿ ಕೂತರೆ ಪ್ರತಿ ಹೆಜ್ಜೆಯೂ ಅಲೆಯಾಗಿ ದಾಖಲಾಗುತ್ತದೆ. ಸೆಕೆಂಡಿಗೆ 50ರಿಂದ 100 ಅಳತೆ ಸಾಕು. ಈ ಎರಡೂ ಉಪಕರಣಗಳು ಬಹುತೇಕ ಸ್ಮಾರ್ಟ್‌ಫೋನುಗಳ ಹೊಟ್ಟೆಯಲ್ಲಿ ಈಗಾಗಲೇ ಇವೆ. 2021ರಲ್ಲಿ ಐಫೋನಿಗೆ ಬಂದ ‘ನಡಿಗೆಯ ಸ್ಥಿರತೆ’ಯ ಲೆಕ್ಕವೂ ಸೊಂಟದ ಹತ್ತಿರ ಇಟ್ಟುಕೊಂಡ ಫೋನಿನಿಂದಲೇ ನಡೆಯುತ್ತದೆ. ಅದೂ ತೊಟ್ಟವರ ವರದಿಯೇ, ಬೀದಿಯದಲ್ಲ. ಆದರೆ ಉಪಕರಣ ಸಾಲುತ್ತದೆ ಎಂಬುದಕ್ಕೆ ಸಾಕ್ಷಿ.

ನೆಲದ ಮೇಲೆ ನಂಬಿಕೆ ಹೋದಾಗ ಮೈ ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ಹೆಜ್ಜೆ ಗಿಡ್ಡವಾಗುತ್ತದೆ. ಎರಡೂ ಪಾದಗಳು ಒಟ್ಟಿಗೆ ನೆಲದಲ್ಲಿರುವ ಹೊತ್ತು ಹೆಚ್ಚುತ್ತದೆ. ಪಾದಗಳ ನಡುವಿನ ಅಂತರ ಅಗಲವಾಗುತ್ತದೆ. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ಸಮಯದ ಸಮತೆ ತಪ್ಪುತ್ತದೆ. ಈ ಕೊನೆಯದು ನನಗೆ ಬಹಳ ಮುಖ್ಯ. ವೇಗ ಕಡಿಮೆಯಾದ ಮಾತ್ರಕ್ಕೆ ಕಷ್ಟ ಎಂದರ್ಥವಲ್ಲ. ಹೂವಿನ ಗಾಡಿಯ ಮುಂದೆ ಎಲ್ಲರೂ ನಿಧಾನಿಸುತ್ತಾರೆ, ನಿಂತು ಚೌಕಾಸಿಯೂ ಮಾಡುತ್ತಾರೆ. ಅಲ್ಲಿ ಹೆಜ್ಜೆ ನಿಧಾನವಾಗುತ್ತದೆ, ಲಯ ಕೆಡುವುದಿಲ್ಲ. ಅಲುಗಾಡುವ ಚಪ್ಪಡಿಯ ಮೇಲೆ ಎರಡೂ ಆಗುತ್ತದೆ. ವೇಗವೊಂದನ್ನೇ ನೋಡಿ ನಕ್ಷೆ ಮಾಡಿದರೆ ಬಡಾವಣೆಯ ಎಲ್ಲ ಹೂವಿನಂಗಡಿಗಳೂ ಅಪಾಯದ ಜಾಗಗಳಾಗಿ ಕೆಂಪಾಗುತ್ತವೆ.

ಇನ್ನು ‘ಎಲ್ಲಿ’ ಎಂಬ ಪ್ರಶ್ನೆ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಅತ್ತಿತ್ತ ಇರುತ್ತದೆ. ಮರಗಳ ಮೇಲಾವರಣ, ಮೂರಂತಸ್ತಿನ ಕಟ್ಟಡಗಳ ನಡುವೆ ಇನ್ನೂ ಹೆಚ್ಚು ತಪ್ಪುತ್ತದೆ. ಮೂವತ್ತು ಅಡಿ ರಸ್ತೆ ಎಂದರೆ 9 ಮೀಟರ್. ಅಂದರೆ ನಿಮ್ಮ ತಾಯಿ ರಸ್ತೆಯ ಎಡಬದಿಯಲ್ಲಿ ಎಡವಿದರೋ ಬಲಬದಿಯಲ್ಲೋ ಎಂಬುದನ್ನೇ ಜಿಪಿಎಸ್ ಖಚಿತವಾಗಿ ಹೇಳಲಾರದು, ಯಾವ ಚಪ್ಪಡಿ ಎಂದು ಕೇಳುವುದಂತೂ ದೂರ. ಇದಕ್ಕೆ ದುಬಾರಿ ಪರಿಹಾರಗಳಿವೆ. ಅಗ್ಗದ ಪರಿಹಾರವೂ ಇದೆ: ಜೊತೆಗೆ ನಡೆಯುವ ಒಬ್ಬರು. ಅವರು ನಾಲ್ಕು ಹೆಜ್ಜೆ ಹಿಂದೆ ಇದ್ದು, ಪ್ರತಿ ವಿದ್ಯುತ್ ಕಂಬ ದಾಟಿದಾಗ ತಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತುತ್ತಾರೆ. ಎರಡು ಕಂಬಗಳ ನಡುವಿನ ಹೆಜ್ಜೆಗಳನ್ನು ಎಣಿಸಿ ಹಂಚಿದರೆ ತೊಡಕಿನ ಜಾಗ ಒಂದೆರಡು ಹೆಜ್ಜೆಯ ಅಂತರದೊಳಗೆ ಸಿಗುತ್ತದೆ. ಎರಡೂ ಫೋನುಗಳ ಗಡಿಯಾರ ಸರಿಹೊಂದಿರಬೇಕು, ಅಷ್ಟೇ. ಮಾತನಾಡಿಸುತ್ತ ನಡೆಯಬಾರದು ಎಂದು ಆ ಜೊತೆಗಾರರಿಗೆ ಕಟ್ಟುನಿಟ್ಟಾಗಿ ಹೇಳಿ. ಮಾತನಾಡುತ್ತ ನಡೆದರೆ ಹಿರಿಯರ ನಡಿಗೆಯ ಲಯ ತಾನಾಗಿಯೇ ಬದಲಾಗುತ್ತದೆ. ಬಡಾವಣೆಯ ಬಾಯಾಳಿಗಳನ್ನು ಈ ಕೆಲಸಕ್ಕೆ ಕಳುಹಿಸಬೇಡಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಈ ವಿಧಾನಗಳೆಲ್ಲ ಪ್ಯಾಂಟು, ಬೆಲ್ಟು, ಬೂಟು ತೊಟ್ಟವರನ್ನು ಕಣ್ಣಮುಂದೆ ಇಟ್ಟುಕೊಂಡು ರೂಪುಗೊಂಡಂತಿವೆ. ಸೀರೆ ಉಟ್ಟವರಿಗೆ ಜೇಬಿಲ್ಲ. ಫೋನು ಕೈಚೀಲದಲ್ಲಿದ್ದರೆ ದಾಖಲಾಗುವುದು ಚೀಲದ ತೂಗಾಟ. ಕಾಲಿಗೆ ಕಟ್ಟುವ ಸೆನ್ಸರ್ ಸೀರೆಯ ಅಂಚಿಗೆ ಸಿಕ್ಕಿಕೊಂಡರೆ ಅದೇ ಬೀಳಿಸೀತು. ಸೊಂಟಕ್ಕೆ ಬಿಗಿಯುವ ಅಗಲವಾದ ಎಲಾಸ್ಟಿಕ್ ಪಟ್ಟಿ, ಅದರ ಹಿಂಬದಿಯಲ್ಲಿ ಫೋನು ಕೂರುವ ಚೀಲ, ಇದು ಸೀರೆಯ ಮೇಲೂ ಪಂಚೆಯ ಮೇಲೂ ನಡೆಯುತ್ತದೆ. ಚಪ್ಪಲಿಯ ವಿಷಯದಲ್ಲಿ ಹಟ ಬೇಡ. ಹವಾಯಿ ಚಪ್ಪಲಿಯಲ್ಲಿ ನಡಿಗೆ ಬೇರೆಯೇ ಆಗಿರುತ್ತದೆ, ಬೆರಳುಗಳು ಪಟ್ಟಿಯನ್ನು ಹಿಡಿದುಕೊಂಡಿರುತ್ತವೆ. ಆದರೂ ದಿನಾ ಹಾಕುವುದು ಅದೇ ಆದರೆ ಅದರಲ್ಲೇ ನಡೆಯಲಿ. ಪರೀಕ್ಷೆಗೆಂದು ಹೊಸ ಬೂಟು ತೊಡಿಸಿದರೆ ಬೀದಿಯ ಬದಲು ಬೂಟನ್ನು ಅಳೆದಂತಾಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಕೊರತೆಗೆ ಬರುತ್ತೇನೆ. ಸೆನ್ಸರ್ ನಕ್ಷೆಯಲ್ಲಿ ಅತಿ ಕೆಟ್ಟ ಜಾಗ ಅತಿ ಸ್ವಚ್ಛವಾಗಿ ಕಾಣುವ ಸಾಧ್ಯತೆ ಇದೆ. ಕಾರಣ, ಅಲ್ಲಿಗೆ ಯಾರೂ ಹೋಗುವುದನ್ನೇ ಬಿಟ್ಟಿರುತ್ತಾರೆ. ಹೋಗದ ಬೀದಿಯಲ್ಲಿ ದಾಖಲೆ ಹುಟ್ಟುವುದಿಲ್ಲ. ಸ್ವಯಂಸೇವಕರಾಗಿ ಮುಂದೆ ಬರುವವರು ಬೆಳಿಗ್ಗೆ ಆರಕ್ಕೇ ಪಾರ್ಕಿನಲ್ಲಿರುವ ಗಟ್ಟಿಗರು. ನಿಮ್ಮ ತಾಯಿಯಂಥವರು, ಯಾರಿಗಾಗಿ ಈ ಕೆಲಸವೋ ಅವರೇ, ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಆದ್ದರಿಂದ ಸೆನ್ಸರ್ ಮುಟ್ಟುವ ಮೊದಲು ಬಡಾವಣೆಯ ದೊಡ್ಡ ನಕ್ಷೆಯೊಂದನ್ನು ಮುದ್ರಿಸಿ ಮನೆಮನೆಗೆ ಒಯ್ಯಿರಿ. ‘ಮೊದಲು ಹೋಗುತ್ತಿದ್ದಿರಿ, ಈಗ ಹೋಗದಿರುವ ದಾರಿ ಯಾವುದು?’ ಎಂಬ ಒಂದೇ ಪ್ರಶ್ನೆ ಕೇಳಿ, ಅವರ ಕೈಯಿಂದಲೇ ಗೀಟು ಎಳೆಸಿ. ಸುತ್ತುಬಳಸಿನ ದಾರಿಗಳನ್ನೂ ಕೇಳಿ. ಹತ್ತಿರದ ದಾರಿ ಇದ್ದೂ ನಾಲ್ಕು ಜನ ದೂರದ ದಾರಿ ಹಿಡಿಯುತ್ತಿದ್ದಾರೆಂದರೆ ಹತ್ತಿರದ ದಾರಿಯಲ್ಲಿ ಏನೋ ಇದೆ. ಅದು ನಾಯಿಗಳ ಗುಂಪೇ ಇರಬಹುದು, ಅದನ್ನು ಯಾವ ಆಕ್ಸಿಲರೋಮೀಟರೂ ಹೇಳದು.

ಹಾಗಾದರೆ ಕಣ್ಣಿಗೆ ಕಾಣುವುದಕ್ಕೆ ಸೆನ್ಸರ್ ಯಾಕೆ ಎಂದು ಸಂಘದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ್ದೇ. ಪಾದಚಾರಿ ಸೌಕರ್ಯಗಳ ಬಗ್ಗೆ, ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಐಆರ್‌ಸಿ 103 ಎಂಬ ಮಾರ್ಗಸೂಚಿ ಇದೆ. ಅದರ ಪ್ರಕಾರ ಫುಟ್‌ಪಾತಿನ ಅಂಚು 150 ಮಿಲಿಮೀಟರ್ ಮೀರಬಾರದು, ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಒಂದಡಿ ಎತ್ತರದ ಅಂಚು ತಪ್ಪು ಎಂದು ಹೇಳಲು ಅಳತೆಪಟ್ಟಿ ಸಾಕು. ಸೆನ್ಸರಿನ ನಿಜವಾದ ಉಪಯೋಗ ಎರಡು ಕಡೆ. ಒಂದು, ಸಾಲು ಹಚ್ಚುವುದು. ನಿಮ್ಮ ಬಡಾವಣೆಯಲ್ಲಿ ಹುಡುಕಿದರೆ ನೂರಾರು ಕೊರತೆಗಳು ಸಿಗುತ್ತವೆ, ಎಂಜಿನಿಯರ್ ಸರಿಪಡಿಸುವುದು ಹತ್ತು. ಆ ಹತ್ತು ಯಾವುವು? ಕಣ್ಣಿಗೆ ಭಯಂಕರವಾಗಿ ಕಾಣುವ ಗುಂಡಿಯನ್ನು ಎಲ್ಲರೂ ಬದಿಯಿಂದ ಸುತ್ತಿಕೊಂಡು ಹೋಗುತ್ತಿರಬಹುದು. ನೋಡಲು ಏನೂ ಅಲ್ಲದ, ಮನೆಗಳ ಗೇಟಿನ ಮುಂದೆ ಕಾರು ಹತ್ತಿಸಲು ಮಾಡಿದ ಇಳಿಜಾರು ಎಲ್ಲರ ಹೆಜ್ಜೆಯನ್ನೂ ಕೆಡಿಸುತ್ತಿರಬಹುದು. ಅಡ್ಡಕ್ಕೆ ವಾಲಿದ ನೆಲದ ಮೇಲೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸೊಂಟ ಮತ್ತು ಕಣಕಾಲು ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸಬೇಕು. ಇಪ್ಪತ್ತು ಮನೆ ದಾಟುವಾಗ ಇಪ್ಪತ್ತು ಸಲ ಏರಿಳಿದು ಸುಸ್ತಾದ ಮೇಲೆ ಬೀಳುವುದು ಇಪ್ಪತ್ತೊಂದನೆಯ ಮನೆಯ ಮುಂದೆ. ಕೂರಲು ಜಾಗವಿಲ್ಲದ ಉದ್ದ ಬೀದಿಯೂ ಹೀಗೆಯೇ. ಅಲ್ಲಿ ಯಾವ ಒಂದು ಜಾಗವೂ ಕೆಟ್ಟದ್ದಲ್ಲ, ಆದರೆ ಬೀದಿಯ ಆರಂಭದ ಲಯಕ್ಕೂ ಕೊನೆಯ ಲಯಕ್ಕೂ ವ್ಯತ್ಯಾಸ ಕಾಣುತ್ತದೆ. ಇಂಥದ್ದನ್ನು ಫೋಟೋ ತೆಗೆದು ತೋರಿಸಲಾಗುವುದಿಲ್ಲ.

ಎರಡನೆಯ ಉಪಯೋಗ, ದುರಸ್ತಿಯ ನಂತರದ ಪರೀಕ್ಷೆ. ಗುತ್ತಿಗೆದಾರರು ಟೈಲ್ಸ್ ಹಾಕಿ ಬಿಲ್ಲು ಮಾಡಿ ಹೋಗುತ್ತಾರೆ. ನುಣುಪಾದ ಟೈಲ್ಸ್ ಮಳೆಯಲ್ಲಿ ಚಪ್ಪಡಿಗಿಂತ ಕೆಟ್ಟದ್ದೋ ಅಲ್ಲವೋ ಎಂದು ಯಾರೂ ನೋಡುವುದಿಲ್ಲ. ಅದೇ ಜನ ಮತ್ತೆ ಅದೇ ಜಾಗದಲ್ಲಿ ನಡೆದಾಗ ಲಯ ಸುಧಾರಿಸಿದೆಯೇ ಎಂಬುದು ಫಲಕದ ಮೇಲಿನ ವೆಚ್ಚದ ಮೊತ್ತಕ್ಕಿಂತ ಉಪಯುಕ್ತ ಮಾಹಿತಿ.

ರಸ್ತೆ ದಾಟುವ ವಿಷಯದಲ್ಲಿ ನಿಮ್ಮ ಅಳತೆಗೆ ನೇರ ಬೆಲೆ ಸಿಗುತ್ತದೆ. ಪಾದಚಾರಿ ಸಿಗ್ನಲ್‌ನ ಸಮಯ ಲೆಕ್ಕ ಹಾಕಲು ಬಹುಕಾಲದಿಂದ ಬಳಕೆಯಲ್ಲಿರುವ ವೇಗ ಸೆಕೆಂಡಿಗೆ 1.2 ಮೀಟರ್. ಆ ಲೆಕ್ಕದಲ್ಲಿ 14 ಮೀಟರ್ ರಸ್ತೆಗೆ ಸುಮಾರು 12 ಸೆಕೆಂಡ್ ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ಹಿರಿಯರಿಗೆ ಹದಿನೇಳೂವರೆ ಸೆಕೆಂಡ್ ಬೇಕು. ಅಂದರೆ ಹಸಿರು ಹೋಗುವಾಗ ಅವರು ರಸ್ತೆಯ ಮೂರನೇ ಎರಡು ಭಾಗದಲ್ಲಿರುತ್ತಾರೆ. ಅಮೆರಿಕದ ಸಂಚಾರ ಕೈಪಿಡಿ 2009ರಲ್ಲಿ ಈ ವೇಗವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ ಇಳಿಸಿತು. ಸಿಂಗಪುರ ಅದೇ ವರ್ಷ ‘ಗ್ರೀನ್ ಮ್ಯಾನ್ ಪ್ಲಸ್’ ಆರಂಭಿಸಿತು. ಹಿರಿಯ ನಾಗರಿಕರು ತಮ್ಮ ರಿಯಾಯಿತಿ ಕಾರ್ಡನ್ನು ಕಂಬಕ್ಕೆ ತಾಗಿಸಿದರೆ ಹಸಿರು ದೀಪ ರಸ್ತೆಯ ಅಗಲಕ್ಕೆ ತಕ್ಕಂತೆ 3ರಿಂದ 13 ಸೆಕೆಂಡ್ ಹೆಚ್ಚು ಉರಿಯುತ್ತದೆ. ಮೈಮೇಲೆ ಏನನ್ನೂ ತೊಡಬೇಕಿಲ್ಲ, ಕಾರ್ಡು ಜೇಬಿನಲ್ಲಿದ್ದರೆ ಸಾಕು. ಈ ಕ್ಷೇತ್ರದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಉಪಾಯ ಇದೇ, ಅದರಲ್ಲಿ ಸೆನ್ಸರೇ ಇಲ್ಲ ಎನ್ನುವುದು ಬೇರೆ ಮಾತು. ನಿಮ್ಮ ಹತ್ತಿರದ ಜಂಕ್ಷನ್‌ನಲ್ಲಿ ನಿಮ್ಮ ಹಿರಿಯರು ನಿಜವಾಗಿ ಯಾವ ವೇಗದಲ್ಲಿ ದಾಟುತ್ತಾರೆ ಎಂಬ ಪಟ್ಟಿ ಹಿಡಿದು ಸಂಚಾರ ಪೊಲೀಸರ ಬಳಿ ಹೋದರೆ ಮಾತು ‘ದಯವಿಟ್ಟು ನೋಡಿ ಸಾರ್’ ಎಂಬಲ್ಲಿಗೆ ನಿಲ್ಲುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತಿನ ಹಕ್ಕು ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದು ಹೇಳಿದೆ. ಮನವಿಯ ಮೊದಲ ಸಾಲಿನಲ್ಲಿ ಅದೂ ಇರಲಿ.

ಸಂಗ್ರಹಿಸಿದ ದಾಖಲೆಯ ಬಗ್ಗೆ ಎಚ್ಚರ ಬೇಕು. ಒಂಟಿಯಾಗಿರುವ ಹಿರಿಯರು ಯಾವ ಹೊತ್ತಿಗೆ ಮನೆ ಬೀಗ ಹಾಕಿ ಎಲ್ಲಿಗೆ ಹೋಗುತ್ತಾರೆ ಎಂಬುದು ಕಳ್ಳರಿಗೂ ಬೇಕಾದ ಮಾಹಿತಿ. ಪ್ರತಿ ದಾಖಲೆಯಿಂದ ಮನೆಯ ಸುತ್ತಲಿನ ನೂರು ಮೀಟರ್ ಅಳಿಸಿ, ಹೆಸರಿನ ಬದಲು ಸಂಖ್ಯೆ ಇಡಿ, ವಿಶ್ಲೇಷಣೆ ಮುಗಿದ ಮೇಲೆ ಕಚ್ಚಾ ಕಡತ ಉಳಿಸಬೇಡಿ. ಒಪ್ಪಿಗೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು, ಮಕ್ಕಳಿಂದಲ್ಲ, ನಡೆಯುವವರಿಂದಲೇ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬುನಾದಿಯೂ ತಿಳಿದು ಕೊಟ್ಟ ಒಪ್ಪಿಗೆಯೇ. ವೈಯಕ್ತಿಕ ವರದಿಯನ್ನು ಮಕ್ಕಳ ಕೈಗೆ ಕೊಡಬೇಡಿ ಎಂದೂ ಹೇಳುತ್ತೇನೆ, ಇದು ಕೆಲವರಿಗೆ ಇಷ್ಟವಾಗದು. ‘ಅಮ್ಮನ ಹೆಜ್ಜೆ ಮೂರು ಕಡೆ ತಪ್ಪಿದೆ’ ಎಂದು ವಿದೇಶದಲ್ಲಿರುವ ಮಗನಿಗೆ ಸಂದೇಶ ಹೋದರೆ ಸರಿಯಾಗುವುದು ಫುಟ್‌ಪಾತ್ ಅಲ್ಲ. ಅಮ್ಮ ಹೊರಗೆ ಹೋಗುವುದು ನಿಲ್ಲುತ್ತದೆ. ನಡೆಯದೆ ಕೂತರೆ ಕಾಲಿನ ಸ್ನಾಯು ಇನ್ನಷ್ಟು ಸೊರಗುತ್ತದೆ, ಬೀಳುವ ಸಂಭವ ಹೆಚ್ಚುತ್ತದೆ.

ನಿಮ್ಮ ತಾಯಿಯ ವಿಷಯ ಬೇರೆಯಾಗಿಯೇ ನೋಡಬೇಕು. ‘ಧೈರ್ಯ ಸಾಲದು’ ಎಂಬ ಮಾತನ್ನು ಬೀದಿಯ ಮೇಲೆ ಹೊರಿಸುವ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೂತಲ್ಲಿಂದ ಎದ್ದಾಗ ರಕ್ತದೊತ್ತಡ ಇಳಿಯುತ್ತದೆಯೇ, ಮಾತ್ರೆಗಳ ಪಟ್ಟಿಯಲ್ಲಿ ಮಂಪರು ತರುವಂಥದ್ದು ಇದೆಯೇ, ಕಣ್ಣಿನ ಪೊರೆ ಬಂದಿದೆಯೇ, ಪಾದಗಳಲ್ಲಿ ಸ್ಪರ್ಶ ಕುಂದಿದೆಯೇ ಎಂದು ಕೇಳಿ. ಮನೆಯಲ್ಲೇ ನೇರವಾದ 4 ಮೀಟರ್ ಗುರುತು ಹಾಕಿ, ಅವರ ಮಾಮೂಲಿ ನಡಿಗೆಯಲ್ಲಿ ಎಷ್ಟು ಹೊತ್ತು ಬೇಕು ನೋಡಿ. ಗುರುತಿಗಿಂತ ಸ್ವಲ್ಪ ಹಿಂದಿನಿಂದಲೇ ನಡೆಯಲು ಶುರುಮಾಡಲಿ. 5 ಸೆಕೆಂಡಿಗಿಂತ ಹೆಚ್ಚಾದರೆ ಫಿಸಿಯೋಥೆರಪಿಸ್ಟರನ್ನು ಕಾಣಿ. ಕನ್ನಡಕವನ್ನೂ ಮರೆಯಬೇಡಿ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಮಸೂರದ ಕೆಳಭಾಗ ಓದುವ ದೂರಕ್ಕೆ ಹೊಂದಿಸಿದ್ದು. ಅದರ ಮೂಲಕ ನೋಡಿದರೆ ಎರಡು ಹೆಜ್ಜೆ ಮುಂದಿನ ಮೆಟ್ಟಿಲಿನ ಅಂಚು ಮಸುಕಾಗಿ, ಎತ್ತರ ತಪ್ಪಾಗಿ ಕಾಣುತ್ತದೆ. ಹೊರಗೆ ಹೆಚ್ಚು ನಡೆಯುವವರಿಗೆ ದೂರದ ದೃಷ್ಟಿಯದೊಂದೇ ಇರುವ ಬೇರೆ ಕನ್ನಡಕ ಒಳ್ಳೆಯದು. ಹೆಚ್ಚಾಗಿ ಮನೆಯಲ್ಲೇ ಇರುವವರು ಹಾಗೆ ಕನ್ನಡಕ ಬದಲಾಯಿಸುತ್ತ ಹೋದರೆ ತೊಂದರೆಯೇ ಹೆಚ್ಚಾಗಬಹುದು, ಆದ್ದರಿಂದ ಕಣ್ಣಿನ ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಇದೆಲ್ಲ ಆದ ಮೇಲೂ ಸಂಘಕ್ಕೆ ಉತ್ಸಾಹ ಉಳಿದಿದ್ದರೆ ಹೀಗೆ ಮಾಡಿ. ಒಂದೇ ಬಗೆಯ ಹಳೆಯ ಫೋನುಗಳು ಮೂರು ನಾಲ್ಕು ಸಿಕ್ಕರೆ ಸಾಕು, ಸರದಿಯ ಮೇಲೆ ಬಳಸಬಹುದು. ಸೆನ್ಸರಿನ ಕಚ್ಚಾ ಸಂಕೇತ ದಾಖಲಿಸುವ ಉಚಿತ ಆ್ಯಪ್‌ಗಳಿವೆ. ಲೆಕ್ಕ ಹಾಕಲು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ, ಅವರಿಗೆ ಪ್ರಾಜೆಕ್ಟ್ ಬೇಕೇ ಇರುತ್ತದೆ. ಹದಿನೈದು ಇಪ್ಪತ್ತು ಹಿರಿಯರು ಒಂದೇ ದಾರಿಯಲ್ಲಿ ಬೇರೆ ಬೇರೆ ದಿನ ನಡೆಯಲಿ, ಅವರಲ್ಲಿ ಕೋಲು ಹಿಡಿದವರೂ ಇರಲಿ. ನಡಿಗೆ ಮುಗಿದ ಕೂಡಲೇ ದಾಖಲೆಯನ್ನು ಮುಂದಿಟ್ಟುಕೊಂಡು ‘ಇಲ್ಲಿ ಏನಾಯಿತು?’ ಎಂದು ಕೇಳಿ ಬರೆದುಕೊಳ್ಳಿ, ಮರುದಿನಕ್ಕೆ ಬಿಡಬೇಡಿ. ಒಂದು ಸುತ್ತು ಬೇಸಿಗೆಯಲ್ಲಿ, ಒಂದು ಸುತ್ತು ಮಳೆಗಾಲದಲ್ಲಿ ಮಾಡಿ, ಆದರೆ ಮಳೆ ಸುರಿಯುವಾಗ ಬೇಡ, ನಿಂತ ಮೇಲೆ. ಹೊಂಗೆಯ ಹೂವು ಉದುರುವ ದಿನಗಳಲ್ಲಿ ಫುಟ್‌ಪಾತಿನ ಗುಣವೇ ಬೇರೆಯಾಗಿರುತ್ತದೆ, ಆಗಿನ ದಾಖಲೆಯನ್ನು ಪ್ರತ್ಯೇಕವಾಗಿ ಇಡಿ. ಇಪ್ಪತ್ತು ವಾಚುಗಳಿಗೆ ಎತ್ತಿಟ್ಟ ಹಣದಲ್ಲಿ ಅನುಮತಿ ಪಡೆದು ದಾರಿಯುದ್ದಕ್ಕೂ ಕೆಲವು ಬೆಂಚು ಹಾಕಿಸಬಹುದು. ಆಸನದ ಎತ್ತರ ಸುಮಾರು 45 ಸೆಂಟಿಮೀಟರ್ ಇರಲಿ, ಒರಗಲು ಬೆನ್ನು ಮತ್ತು ಎದ್ದೇಳುವಾಗ ಊರಿಕೊಳ್ಳಲು ಕೈಗಳು ಕಡ್ಡಾಯವಾಗಿ ಇರಲಿ.